ಬೆಲ್ ಹೊಡೆಯದ ದಿನಗಳು

(ಉಡುಪಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಬೊಜ್ಜಿನ ಆಪರೇಷನ್ ಮಾಡಿಸಿಕೊಂಡವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ಟ್ರು. ಇವತ್ತು ಈ ಮೈಕು ನನ್ನ ಕೈಗೆ ಸಿಕ್ಕಿದ್ದು ನನ್ನ ಹೊಟ್ಟೆಯ ಕೃಪೆಯಿಂದ. 2017ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾದ ವಾರ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅದರ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು. ಆಗ ನನ್ನ ತೂಕ 128 ಕೆಜಿ. ಎತ್ತರ 168 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ, ಲೆಕ್ಕ ಹಾಕುವವರು ಹಾಕಿಕೊಳ್ಳಿ, 45 ದಾಟುತ್ತದೆ. ಒಂದೂವರೆ ವರ್ಷದಲ್ಲಿ 87ಕ್ಕೆ ಇಳಿದೆ. ಆಮೇಲೆ ಕೊರೊನಾ ಬಂತು. 2021ರ ಅಕ್ಟೋಬರ್‌ನಲ್ಲಿ ಅದೇ ಆಸ್ಪತ್ರೆಯ ಅದೇ ತಕ್ಕಡಿ ಹತ್ತಿದಾಗ 102.

ಇಳಿದ 41 ಕಿಲೋದಲ್ಲಿ 15 ವಾಪಸ್ ಬಂದಿತ್ತು. ಇವತ್ತು ನಾನು ಮಾತಾಡುವುದು ಆ 15 ಕಿಲೋದ ಬಗ್ಗೆ.

ಜನ ಏನು ಕೇಳುತ್ತಾರೆ ಅಂತ ನಿಮಗೆ ಗೊತ್ತು. ಮದುವೆ ಮನೆಯಲ್ಲಿ ಕೈ ತೊಳೆಯುವಲ್ಲಿ ಸಿಕ್ಕವರು ಮೇಲಿಂದ ಕೆಳಗೆ ನೋಡುತ್ತಾರೆ. "ಮಾಸ್ಟ್ರೇ, ಆಪರೇಷನ್ ಆಗಿತ್ತಲ್ವಾ? ಪುನಃ ಬಂತಾ?" ಮಲೇರಿಯಾ ಪುನಃ ಬಂದ ಹಾಗೆ. ಇನ್ನು ಕೆಲವರಿಗೆ ದುಡ್ಡಿನದೇ ಸಂಕಟ. "ಅಷ್ಟು ಲಕ್ಷ ಸುರಿದು ಎಂತ ಪ್ರಯೋಜನ ಆಯ್ತು ಮಾರಾಯ್ರೆ?" ಲಕ್ಷ ಹೋದದ್ದು ನನ್ನದು, ನಿದ್ದೆ ಹೋದದ್ದು ಅವರದು.

ಇದರ ಹಿಂದೆ ಒಂದು ತಪ್ಪು ಲೆಕ್ಕ ಉಂಟು. ಹೊಟ್ಟೆಯನ್ನೇ ಸಣ್ಣ ಮಾಡಿದ ಮೇಲೆ ಜಾಸ್ತಿ ತಿನ್ನಲಿಕ್ಕೇ ಆಗುವುದಿಲ್ಲ. ಹಾಗಿದ್ದೂ ಒಬ್ಬ ದಪ್ಪ ಆದ ಅಂದರೆ ಅವನು ಎಂಥ ಹೊಟ್ಟೆಬಾಕ ಇರಬೇಕು, ಅಲ್ವಾ? ಸತ್ಯ ಹೇಳುತ್ತೇನೆ, ನನ್ನ ಬಗ್ಗೆ ನನಗೂ ಹಾಗೇ ಅನಿಸಿತ್ತು. ಅದು ಯಾಕೆ ತಪ್ಪು ಅಂತ ಹೇಳುವುದಕ್ಕಿಂತ ತೋರಿಸುವುದು ಸುಲಭ. ಮಾಸ್ಟ್ರ ಚಾಳಿ, ಸಹಿಸಿಕೊಳ್ಳಿ.

ಈ ಮೇಜಿನ ಮೇಲೆ ಎರಡು ಚಾ ಲೋಟ ಇಟ್ಟಿದ್ದೇನೆ. ಒಂದೊಂದಕ್ಕೆ 150 ಎಂಎಲ್ ಹಿಡಿಯುತ್ತದೆ. ಸ್ಲೀವ್ ಆಪರೇಷನ್ ಆದ ಹೊಸದರಲ್ಲಿ ಉಳಿಯುವ ಹೊಟ್ಟೆ ಹೆಚ್ಚುಕಮ್ಮಿ ಇಷ್ಟೇ. ಮೊದಲು ಒಂದು ಲೀಟರಿಗಿಂತ ಜಾಸ್ತಿ ಹಿಡಿಯುತ್ತಿದ್ದ ಚೀಲ, ಈಗ ಬಾಳೆಹಣ್ಣಿನ ಹಾಗಿರುವ ಒಂದು ಕೊಳವೆ. ಸ್ಲೀವ್ ಅಂದರೆ ಅಂಗಿಯ ತೋಳು. ಆಕಾರ ಹಾಗಿರುವುದಕ್ಕೇ ಆ ಹೆಸರು.

ಮೊದಲ ಲೋಟಕ್ಕೆ ನನ್ನ ಮಧ್ಯಾಹ್ನದ ಊಟ ಹಾಕುತ್ತೇನೆ. ಒಂದು ಬೇಯಿಸಿದ ಮೊಟ್ಟೆ. ಒಂದು ದೊಡ್ಡ ಚಮಚ ಅಲಸಂಡೆ ಪಲ್ಯ. ಎರಡು ದೊಡ್ಡ ಚಮಚ ಕುಚಲಕ್ಕಿ ಅನ್ನ. ನೋಡಿ, ತುಂಬಿತು. ಒತ್ತಿದರೂ ಒಳಗೆ ಹೋಗುವುದಿಲ್ಲ.

ಇನ್ನೊಂದಕ್ಕೆ ಹಲಸಿನ ಹಪ್ಪಳ. ಮನೆಯಿಂದಲೇ ಕರಿದು ತಂದಿದ್ದೇನೆ. ಒಂದನ್ನು ಪುಡಿ ಮಾಡಿ ಹಾಕಿದೆ. ಎರಡು. ಮೂರು. ಎದುರು ಸಾಲಿನ ಅಮ್ಮ ನಗುತ್ತಿದ್ದಾರೆ, ನಗಿ ಅಮ್ಮ. ನಾಲ್ಕು. ಐದು. ಆರು. ಇನ್ನೂ ಜಾಗ ಉಂಟು. ಈಗ ಇದರ ಮೇಲೆ ಎರಡು ಗುಟುಕು ಚಾ ಹೊಯ್ಯುತ್ತೇನೆ. ನೋಡಿ, ಅರ್ಧ ಲೋಟಕ್ಕೆ ಕುಸಿಯಿತು. ಇನ್ನೂ ನಾಲ್ಕು ಹಪ್ಪಳಕ್ಕೆ ಜಾಗ ಆಯಿತು.

ನಡೆದದ್ದು ಇಷ್ಟೇ. ಮೊಟ್ಟೆ, ಮೀನು, ಕಾಳು, ಇಂಥ ಗಟ್ಟಿ ಪದಾರ್ಥ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ. ಹೊಟ್ಟೆಯ ಗೋಡೆ ಹಿಗ್ಗುತ್ತದೆ, ಸಾಕು ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಹಪ್ಪಳ, ಚಿಪ್ಸ್, ಖಾರಕಡ್ಡಿ, ಚಾದಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮು ಬಾಯಲ್ಲೇ ಅರ್ಧ ಕರಗುತ್ತವೆ. ಹೊಟ್ಟೆಯಲ್ಲಿ ಕೂರದೆ ಜಾರಿ ಕರುಳಿಗೆ ಇಳಿಯುತ್ತವೆ. ಸುದ್ದಿ ಹೋಗುವುದೇ ಇಲ್ಲ. ಒಂದು ಸಣ್ಣ ಚಮಚ ಎಣ್ಣೆಗೆ 40ಕ್ಕೂ ಜಾಸ್ತಿ ಕ್ಯಾಲರಿ. ಹಪ್ಪಳ ಎಷ್ಟು ಚಮಚ ಕುಡಿಯುತ್ತದೆ ಅಂತ ಬಾಣಲೆ ಎದುರು ನಿಂತವರಿಗೆ ಗೊತ್ತು. ಜಠರ ಕತ್ತರಿಸಿದ ಡಾಕ್ಟರು ನನ್ನ ದೊಡ್ಡ ಊಟಕ್ಕೆ ಬಾಗಿಲು ಹಾಕಿದ್ದರು. ಬಾಯಾಡಿಸುವುದಕ್ಕೆ ಅವರು ಬಾಗಿಲು ಹಾಕಿರಲಿಲ್ಲ. ಹಾಕಲಿಕ್ಕೆ ಆಗುವುದೂ ಇಲ್ಲ.

ಹಾಗಾದರೆ 2017ರಿಂದ 2020ರವರೆಗೆ ನಾನು ಯಾಕೆ ಬಾಯಾಡಿಸಲಿಲ್ಲ? ಈ ಪ್ರಶ್ನೆಗೆ ಉತ್ತರ ಸಿಗಲಿಕ್ಕೆ ನನಗೆ ಬಹಳ ಸಮಯ ಹಿಡಿಯಿತು. ಅಲ್ಲಿಗೆ ಬರುತ್ತೇನೆ. ಮೊದಲು 2020ರ ಏಪ್ರಿಲ್ ಕಥೆ ಕೇಳಿ.

2020ರ ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. 22ಕ್ಕೆ ಜನತಾ ಕರ್ಫ್ಯೂ. 25ರಿಂದ ಇಡೀ ದೇಶಕ್ಕೆ ಬೀಗ. 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. ಆದರೆ ನಮ್ಮ ಹಿತ್ತಲಿನ ಹಲಸಿನ ಮರಕ್ಕೆ ಕೊರೊನಾ ಗೊತ್ತಿರಲಿಲ್ಲ. ಆ ವರ್ಷ ಬುಡದಿಂದ ತುದಿಯವರೆಗೆ ಕಾಯಿ. ಕೊಡಲಿಕ್ಕೆ ನೆಂಟರ ಮನೆಗೆ ಹೋಗುವ ಹಾಗಿಲ್ಲ. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

ಹಪ್ಪಳ ಮಾಡಿದವರಿಗೆ ಗೊತ್ತು, ಅದು ಒಬ್ಬರ ಕೆಲಸ ಅಲ್ಲ. ನಾನು ಕಾಯಿ ಕೊಯ್ದೆ, ಕೈಗೆ ಎಣ್ಣೆ ಸವರಿ ಸೊಳೆ ಬಿಡಿಸಿದೆ. ಹೆಂಡತಿ ಬೇಯಿಸಿದಳು. ಮಗ ಒನಕೆ ಹಿಡಿದ. ಕೊತ್ತಂಬರಿ, ಜೀರಿಗೆ, ಮೆಣಸು, ಉಪ್ಪು. ಅಮ್ಮ ಉಂಡೆ ಕಟ್ಟಿ ಮಣೆಯಲ್ಲಿ ಒತ್ತಿದರು. ತಾರಸಿಯಲ್ಲಿ ಚಾಪೆ ಹಾಸಿ ಒಣಗಿಸುವುದು, ಕಾಗೆ ಓಡಿಸುವುದು ನನ್ನ ಪಾಲು. ಕೊಡೆ ಹಿಡಿದು ಕೂತ ಹೈಸ್ಕೂಲ್ ಮಾಸ್ಟ್ರು. ಬೇಯಿಸಿ ಕುಟ್ಟಿದ ಆ ಹಸಿ ಹಿಟ್ಟಿಗೆ ಒಂದು ತೊಟ್ಟು ತೆಂಗಿನೆಣ್ಣೆ ಹಾಕಿ ತಿಂದಿದ್ದೀರಾ? ಕೂತಲ್ಲೇ ಸಣ್ಣ ಸಣ್ಣ ಉಂಡೆ ಬಾಯಿಗೆ ಹೋಗುತ್ತಿತ್ತು. ಅದು ಊಟದ ಲೆಕ್ಕಕ್ಕೆ ಬರಲಿಲ್ಲ, ತಿಂಡಿಯ ಲೆಕ್ಕಕ್ಕೂ ಬರಲಿಲ್ಲ. ಕೆಲಸದ ಲೆಕ್ಕಕ್ಕೆ ಬಂತು.

ಸಾವಿರದಷ್ಟು ಹಪ್ಪಳ ಆಯಿತು. ಕರಿದ ಹಪ್ಪಳದ ಡಬ್ಬ ಟಿವಿ ಪಕ್ಕ ಕೂತಿತು. ಟಿವಿಯಲ್ಲಿ ದಿನಾ ಸಂಜೆ ಸೋಂಕಿನ ಲೆಕ್ಕ. ಎಷ್ಟು ಪಾಸಿಟಿವ್, ಎಷ್ಟು ಸಾವು, ತಲಪಾಡಿ ಗಡಿಯಲ್ಲಿ ಏನಾಯಿತು. ಲೆಕ್ಕ ಕೇಳುತ್ತಾ ಒಂದು ಹಪ್ಪಳ, ಒಂದು ಚೂರು ತೆಂಗಿನಕಾಯಿ. ಇನ್ನೊಂದು ಹಪ್ಪಳ.

ಅದೇ ಹೊತ್ತಿಗೆ ಮೀನು ಇಲ್ಲವಾಯಿತು. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಪರೇಷನ್ ಆದವರಿಗೆ ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೊಟೀನ್ ಬೇಕು ಅಂತ ಡಯಟೀಶಿಯನ್ ಹೇಳಿಕೊಟ್ಟಿದ್ದರು. ನೂರು ಗ್ರಾಂ ಬಂಗುಡೆಯಲ್ಲಿ 20ರ ಹತ್ತಿರ ಸಿಗುತ್ತದೆ. ಮೂರು ವರ್ಷ ನನ್ನನ್ನು ಸಾಕಿದ್ದೇ ಬಂಗುಡೆ, ಬೂತಾಯಿ. ಮಲ್ಪೆಯಲ್ಲಿ ದೋಣಿಗಳು ಸಾಲಾಗಿ ಕಟ್ಟಿ ನಿಂತವು. ಆಮೇಲೆ ಸ್ವಲ್ಪ ಸಡಿಲ ಆಗುವಷ್ಟರಲ್ಲಿ ಮಳೆಗಾಲದ ನಿಷೇಧ, ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ತಟ್ಟೆಯಲ್ಲಿ ಉಳಿದದ್ದು ಗಂಜಿ, ಉಪ್ಪಿನಕಾಯಿ, ಮತ್ತೆ ಹಪ್ಪಳ. ಗಂಜಿಗೆ ನಾನು ಬೈಯುವುದಿಲ್ಲ, ಅದನ್ನು ಕುಡಿದೇ ಬೆಳೆದವನು. ಆದರೆ ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಡಿ ಅಂತ ನಮಗೆಲ್ಲ ಹೇಳುತ್ತಾರಲ್ಲ? ಗಂಜಿಯಲ್ಲಿ ಊಟವೂ ಅದೇ, ನೀರೂ ಅದೇ. ನನ್ನ ಕೊಳವೆ ಹೊಟ್ಟೆಗೆ ಅದು ಜಾರುಬಂಡೆ.

ಇನ್ನು ಕಷಾಯ. ಆಗ ಯಾರ ಮನೆಯಲ್ಲಿ ಕಷಾಯ ಇರಲಿಲ್ಲ ಹೇಳಿ? ಶುಂಠಿ, ಕಾಳುಮೆಣಸು, ಅಮೃತಬಳ್ಳಿ. ಇಮ್ಯುನಿಟಿ ಅಂತ ದಿನಕ್ಕೆ ನಾಲ್ಕು ಸಲ. ಪ್ರತಿ ಸಲವೂ ಒಂದು ತುಂಡು ಬೆಲ್ಲ. ಹತ್ತು ಗ್ರಾಂ ಬೆಲ್ಲಕ್ಕೆ 38 ಕ್ಯಾಲರಿ. ನಾಲ್ಕು ಸಲಕ್ಕೆ ಎಷ್ಟಾಯಿತು ಅಂತ ನನ್ನ ಎಂಟನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ನಾನು ಮಾತ್ರ ಲೆಕ್ಕ ಹಾಕಲಿಲ್ಲ. ಅದು ಔಷಧ ಅಲ್ವಾ?

ಕುಡಿಯುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೇ 4ಕ್ಕೆ ವೈನ್‌ಶಾಪ್ ಬಾಗಿಲು ತೆರೆದಾಗ ಕ್ಯೂ ನೋಡಿದ್ದೀರಿ. ಈ ಆಪರೇಷನ್ ಆದವರಿಗೆ, ಅದರಲ್ಲೂ ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್) ಆದವರಿಗೆ, ಮದ್ಯ ಬೇಗ ತಲೆಗೇರುತ್ತದೆ, ಚಟವೂ ಸುಲಭವಾಗಿ ಹತ್ತುತ್ತದೆ. ಗೊತ್ತಿದ್ದವರಿಗೆ ಗೊತ್ತಿದೆ.

ಈಗ ಬೆಲ್ಟಿನ ಕಥೆ. ನಾನು ಆ ದಿನಗಳಲ್ಲಿ ತೂಕ ನೋಡುವುದನ್ನು ನಿಲ್ಲಿಸಿದ್ದೆ. ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ 91 ಕಂಡಿತು. ಮಾರ್ಚ್‌ನಲ್ಲಿ 89 ಇತ್ತು. ತಕ್ಕಡಿಯ ಸೆಲ್ ಹೋಗಿರಬೇಕು ಅಂದುಕೊಂಡು ಅದನ್ನು ಮಂಚದ ಕೆಳಗೆ ತಳ್ಳಿದೆ. ಮನೆಯಲ್ಲಿ ಹೇಗೂ ಲುಂಗಿ. ಲುಂಗಿಯಷ್ಟು ಒಳ್ಳೆಯ ಸ್ನೇಹಿತ ಇನ್ನೊಬ್ಬನಿಲ್ಲ, ಎಷ್ಟು ದಪ್ಪ ಆದರೂ ಒಂದು ಮಾತು ಆಡುವುದಿಲ್ಲ. ಆದರೆ ಬೆಲ್ಟ್ ಹಾಗಲ್ಲ. 2018ರಲ್ಲಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಕೈಯಲ್ಲಿ ಅದಕ್ಕೆ ಮೂರು ಹೊಸ ತೂತು ಹೊಡೆಸಿದ್ದೆ. ಮಾರ್ಚ್‌ವರೆಗೆ ಮೂರನೆಯ, ಅಂದರೆ ಅತೀ ಒಳಗಿನ ತೂತು.

ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಡ್ಯೂಟಿಗೆ ಹೊರಟಾಗ ಬೆಲ್ಟ್ ಎರಡನೇ ತೂತಿಗೆ ಬಂದಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ನೆನಪಿದೆಯಾ? ಮಕ್ಕಳು ಶಾಲೆಗೆ ಬರುವ ಹಾಗಿಲ್ಲ, ಮಾಸ್ಟ್ರು ಮಕ್ಕಳಿದ್ದಲ್ಲಿಗೆ ಹೋಗುವುದು. ಭಜನಾ ಮಂದಿರದ ಜಗಲಿ, ಯಾರದೋ ಮನೆಯ ಚಾವಡಿ, ಮರದ ಕೆಳಗೆ. ಎರಡು ತಿಂಗಳು ಗದ್ದೆ ಬದುವಿನ ಮೇಲೆ ಕೊಡೆ ಹಿಡಿದು ನಡೆದೆ. ಬೆಲ್ಟ್ ಎರಡನೇ ತೂತಿನಲ್ಲೇ ನಿಂತಿತು. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಲ್ಲಿಸಿದರು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸ್ ಬಾಗಿಲು ತೆರೆದಾಗ ಮೊದಲನೇ ತೂತು. ಮಾರ್ಚ್ ಹೊತ್ತಿಗೆ ಪುನಃ ಎರಡನೆಯದು. ಏಪ್ರಿಲ್ ಕೊನೆಗೆ ಎರಡನೇ ಅಲೆ, ಪುನಃ ಬೀಗ. ಜುಲೈನಲ್ಲಿ ಎರಡೇ ದಿನದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತಲ್ಲ, ಅವತ್ತು ನಾನು ಹೊಡೆಸಿದ ತೂತುಗಳೆಲ್ಲ ಮುಗಿದು ಕಂಪನಿಯವರೇ ಹೊಡೆದ ತೂತಿಗೆ ಬಂದಿದ್ದೆ.

ಈ ಏರಿಳಿತವನ್ನು ಕಾಗದದ ಮೇಲೆ ಬರೆದು ನೋಡಿದ್ದು ಬಹಳ ತಡವಾಗಿ. ಬರೆದ ಮೇಲೆ ಕಣ್ಣಿಗೆ ಹೊಡೆಯಿತು. ಹಸಿವು ಎಲ್ಲ ತಿಂಗಳೂ ಇತ್ತು, ಹಪ್ಪಳ ಎಲ್ಲ ತಿಂಗಳೂ ಇತ್ತು. ಶಾಲೆ ಇದ್ದ ತಿಂಗಳು ಬೆಲ್ಟ್ ಒಳಗೆ, ಇಲ್ಲದ ತಿಂಗಳು ಹೊರಗೆ.

ನಡುವೆ ಒಂದು ನಾಚಿಕೆಯ ಸಂಗತಿ ಇದೆ. ಅದನ್ನು ಹೇಳದೆ ಮುಂದೆ ಹೋದರೆ ಇವತ್ತು ಬಂದದ್ದೇ ಸುಳ್ಳಾಗುತ್ತದೆ. 2020ರ ಮೇ ತಿಂಗಳಲ್ಲಿ ಡಯಟೀಶಿಯನ್ ಮೇಡಂ ಫೋನ್ ಮಾಡಿದರು. ಉಡುಪಿಯಿಂದ ಮಂಗಳೂರು 60 ಕಿಲೋಮೀಟರ್ ಹತ್ತಿರ, ಆದರೆ ಹೆಜಮಾಡಿ ಚೆಕ್‌ಪೋಸ್ಟ್ ದಾಟುವುದು ಅಂದರೆ ಆಗ ವಿದೇಶಕ್ಕೆ ಹೋದ ಹಾಗೆ. ಲಾಕ್‌ಡೌನ್ ಶುರುವಾದ ದಿನವೇ, ಮಾರ್ಚ್ 25ಕ್ಕೆ, ಕೇಂದ್ರ ಸರ್ಕಾರ ಫೋನಿನಲ್ಲಿ ಚಿಕಿತ್ಸೆ ಕೊಡುವುದಕ್ಕೆ ನಿಯಮ ಪ್ರಕಟಿಸಿತ್ತು. ಹಾಗಾಗಿ ಅವರು ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. "ಸರ್, ತೂಕ ಎಷ್ಟಿದೆ?"

ನಾನು 88 ಅಂದೆ.

ಸುಮ್ನೆ ಬಾಯಿಗೆ ಬಂತು. 88. "ವೆರಿ ಗುಡ್ ಸರ್" ಅಂದರು. ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಿದರು. ಹೂಂ ಅಂದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಏಪ್ರಿಲ್‌ನಲ್ಲೇ ಮುಗಿದಿದ್ದವು. ಮುಂದಿನ ಸಲ ಅವರ ಫೋನ್ ಬಂದಾಗ ಎತ್ತಲಿಲ್ಲ. 88 ಹೇಳಿದವನು 92 ಅಂತ ಹೇಗೆ ಹೇಳುವುದು? ಅದರ ಮುಂದಿನ ಸಲವೂ ಎತ್ತಲಿಲ್ಲ. ಮಕ್ಕಳು ಹೋಮ್‌ವರ್ಕ್ ಮಾಡದೆ ಶಾಲೆ ತಪ್ಪಿಸಿದರೆ ನಾನು ಅವರ ಮನೆಗೇ ಹೋಗಿ ಕರೆದುಕೊಂಡು ಬರುತ್ತೇನೆ. ನಾನೇ ಆ ಹುಡುಗ ಆಗಿದ್ದೆ. 2021ರಲ್ಲಿ ಪಾದ ಜುಮ್ ಅನ್ನಲಿಕ್ಕೆ ಶುರುವಾಯಿತು. ಅದು ಬಿ12 ಕೊರತೆ. 15 ಕಿಲೋಕ್ಕಿಂತ ದೊಡ್ಡ ನಷ್ಟ ಅದೇ ಅಂತ ನನ್ನ ಅಭಿಪ್ರಾಯ. ತೂಕ ಬಂದದ್ದು ಹಪ್ಪಳದಿಂದ ಇರಬಹುದು. ನರಕ್ಕೆ ಪೆಟ್ಟು ಬಿದ್ದದ್ದು ಆ 88ರಿಂದ.

2021ರ ಮೇ ತಿಂಗಳಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಕೊರೊನಾದಿಂದ ಹೋದರು. ಮುಖ ನೋಡಲಿಕ್ಕೂ ಆಗಲಿಲ್ಲ. ಬೊಜ್ಜು ಇದ್ದವರಿಗೆ ಕೊರೊನಾ ಜೋರಾಗುತ್ತದೆ ಅಂತ ಆಗ ಎಲ್ಲ ಕಡೆ ಹೇಳುತ್ತಿದ್ದರು, ಅದು ನಿಜವೂ ಹೌದು. ಸುದ್ದಿ ಬಂದ ರಾತ್ರಿ ನಾನು ಭಯದಲ್ಲಿ ಏನು ಮಾಡಿದೆ ಗೊತ್ತಾ? ಡಬ್ಬ ಖಾಲಿ ಮಾಡಿದೆ. ಬೊಜ್ಜಿನ ಭಯಕ್ಕೆ ತಿಂದವನು ನಾನು. ಇದರಲ್ಲಿ ತರ್ಕ ಹುಡುಕಬೇಡಿ, ಇಲ್ಲ.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು. ಐದು ನಿಮಿಷ.

ಹಸಿವು ಬರೀ ಮನಸ್ಸಿನ ಮಾತಲ್ಲ, ಅದಕ್ಕೆ ರಾಸಾಯನಿಕ ಉಂಟು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಜೊತೆಯವರು ಲೆಪ್ಟಿನ್ ಕಂಡುಹಿಡಿದರು. ಕೊಬ್ಬಿನ ಜೀವಕೋಶಗಳು ಅದನ್ನು ಸುರಿಸುತ್ತವೆ, ಉಗ್ರಾಣ ತುಂಬಿದೆ ಅಂತ ಮೆದುಳಿಗೆ ಹೇಳುತ್ತವೆ. ತೂಕ ಇಳಿದರೆ ಲೆಪ್ಟಿನ್ ಇಳಿಯುತ್ತದೆ. ಬರಗಾಲ ಬಂತು ಅಂತ ಮೆದುಳು ತಿಳಿದುಕೊಳ್ಳುತ್ತದೆ, ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. 1999ರಲ್ಲಿ ಜಪಾನಿನ ಕೋಜಿಮಾ ಮತ್ತು ಕಂಗಾವಾ ಗ್ರೆಲಿನ್ ಕಂಡುಹಿಡಿದರು. ಇದು ಹಸಿವು ಹುಟ್ಟಿಸುವ ಹಾರ್ಮೋನು, ಮುಖ್ಯವಾಗಿ ಜಠರದ ಮೇಲ್ಭಾಗದಲ್ಲಿ ಹುಟ್ಟುತ್ತದೆ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಆ ಭಾಗವನ್ನೇ. ಅದಕ್ಕೇ ಮೊದಲ ವರ್ಷ ನಮಗೆ ಹಸಿವೇ ಗೊತ್ತಾಗುವುದಿಲ್ಲ. ಊಟದ ಹೊತ್ತು ಮರೆತುಹೋಗುತ್ತದೆ. ಇಲ್ಲಿ ತಲೆ ಆಡಿಸುತ್ತಿರುವವರೆಲ್ಲ ಆ ಮಧುಚಂದ್ರ ಕಂಡವರು. ವರ್ಷ ಎರಡು ಕಳೆದ ಮೇಲೆ ಹಸಿವು ನಿಧಾನವಾಗಿ ವಾಪಸ್ ಬರುತ್ತದೆ. ಕೊಳವೆಯೂ ಸ್ವಲ್ಪ ಅಗಲ ಆಗುತ್ತದೆ.

ಕೊರೊನಾ ಇಲ್ಲದ ಕಾಲದಲ್ಲೂ ಹೀಗೇ ಆಗಿದೆ. ಸ್ವೀಡನ್ನಿನಲ್ಲಿ 1987ರಿಂದ ಇಂಥ ಆಪರೇಷನ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನ ಇದೆ. ಅದರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ತಮ್ಮ ತೂಕದ ಶೇ 32 ಕಳೆದುಕೊಂಡಿದ್ದರು. 10 ವರ್ಷದ ಹೊತ್ತಿಗೆ ಅದು ಶೇ 25ಕ್ಕೆ ಬಂದಿತ್ತು. ಸ್ವಲ್ಪ ವಾಪಸ್ ಬರುವುದು ದೇಹದ ಸ್ವಭಾವ ಅಂತಾಯಿತು. ಅದೇ ಅಧ್ಯಯನದಲ್ಲಿ ಆಪರೇಷನ್ ಆಗದ ಬೊಜ್ಜಿನವರಿಗಿಂತ ಆದವರಲ್ಲಿ ಸಾವು ಕಡಿಮೆ ಇತ್ತು. ಮದುವೆ ಮನೆಯಲ್ಲಿ ಯಾರಾದರೂ "ಎಂತ ಪ್ರಯೋಜನ ಆಯ್ತು" ಅಂತ ಕೇಳಿದರೆ ಇದನ್ನು ಹೇಳಿ. ಕೇಳಿಸಿಕೊಳ್ಳುವುದಿಲ್ಲ, ಆದರೂ ಹೇಳಿ.

ಪಾಠ ಮುಗಿಯಿತು.

2021ರ ಅಕ್ಟೋಬರ್‌ನಲ್ಲಿ ಆಸ್ಪತ್ರೆಗೆ ಹೋದದ್ದು ನನ್ನ ಧೈರ್ಯದಿಂದ ಅಲ್ಲ. ಹೆಂಡತಿ ಅಪಾಯಿಂಟ್‌ಮೆಂಟ್ ತೆಗೆದು, ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿಸಿ, ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ತಯಾರಾಗುತ್ತಿದ್ದೆ. ಡಾಕ್ಟರು ಬೈಯಲಿಲ್ಲ. ರಕ್ತ ಪರೀಕ್ಷೆ ಆಯಿತು, ಬೇರಿಯಂ ಕುಡಿಸಿ ಎಕ್ಸ್‌ರೇ ಆಯಿತು. ಕೊಳವೆ ಸ್ವಲ್ಪ ಹಿಗ್ಗಿದೆ, ದೊಡ್ಡದೇನಲ್ಲ ಅಂದರು. ಆಮೇಲೆ ಕೇಳಿದರು, "ಮಾಸ್ಟ್ರೇ, ಎಷ್ಟು ಗಂಟೆಗೆ ತಿಂತೀರಿ?"

ಎಷ್ಟು ತಿಂತೀರಿ ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು. ಸ್ವಲ್ಪವೇ ಡಾಕ್ಟ್ರೇ, ನಿಜವಾಗಿ ಸ್ವಲ್ಪವೇ. ಎಷ್ಟು ಗಂಟೆಗೆ ಅಂದಾಗ ನಾನು ಬಾಯಿ ತೆರೆದು ಕೂತೆ. ಗಂಟೆಯೇ ಇರಲಿಲ್ಲ. ಏಳುವುದು ಎಂಟಕ್ಕೋ ಒಂಬತ್ತಕ್ಕೋ. ಚಾ, ಕಷಾಯ, ಗಂಜಿ, ಮೊಬೈಲಿನಲ್ಲಿ ಕ್ಲಾಸ್, ಚಾ, ಹಪ್ಪಳ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಉದ್ದಕ್ಕೂ ಒಂದೇ ಊಟ.

ಆಗ ನೆನಪಾದದ್ದು ನಮ್ಮ ಶಾಲೆಯ ಬೆಲ್. ಕರೆಂಟಿನದಲ್ಲ. ತುಂಡು ರೈಲು ಹಳಿಯನ್ನು ಸರಿಗೆಯಲ್ಲಿ ಕಟ್ಟಿ ನೇತುಹಾಕಿದ್ದು, ಸುತ್ತಿಗೆಯಲ್ಲಿ ಹೊಡೆಯುವುದು. ಆಪರೇಷನ್ ಆದ ಮೂರು ವರ್ಷ ಆ ಬೆಲ್ ನನಗೆ ತಿನ್ನಿಸುತ್ತಿತ್ತು, ಆ ಬೆಲ್ ನನ್ನನ್ನು ನಿಲ್ಲಿಸುತ್ತಿತ್ತು. ಸಣ್ಣ ಇಂಟರ್ವೆಲ್‌ಗೆ ಒಂದು ಹಿಡಿ ಕಡಲೆ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ತುಂಡು ಮೀನು, ಸ್ವಲ್ಪ ಅನ್ನ. ನಡುವೆ ತಿನ್ನಬೇಕು ಅನಿಸಿದರೆ ಕೈಯಲ್ಲಿ ಚಾಕ್‌ಪೀಸು, ಎದುರಿಗೆ 45 ಮಕ್ಕಳು. ಬಸ್‌ಸ್ಟಾಪಿಗೆ ನಡೆಯುವುದು, ಎರಡು ಮಹಡಿ ಮೆಟ್ಟಿಲು ದಿನಕ್ಕೆ ಐದಾರು ಸಲ. ಇದನ್ನು ನಾನು ಡಯಟ್ ಅಂತಲೋ ವ್ಯಾಯಾಮ ಅಂತಲೋ ಯಾವತ್ತೂ ಎಣಿಸಿರಲಿಲ್ಲ. ಮನೋಬಲ ಅಂತ ಎಣಿಸಿದ್ದೆ! ಸ್ಟಾಫ್‌ರೂಮಿನಲ್ಲಿ ಬೇರೆಯವರಿಗೆ ಉಪದೇಶ ಕೂಡ ಮಾಡುತ್ತಿದ್ದೆ. ನನ್ನ ಅರ್ಧ ಮನೋಬಲ ಆ ಕಬ್ಬಿಣದ ತುಂಡಿನಲ್ಲಿತ್ತು ಅಂತ ಗೊತ್ತಾದದ್ದು ಅದು ನಿಂತ ಮೇಲೆ.

ಅಂಗಡಿ ನಡೆಸುವವರಿಗೆ ಗಿರಾಕಿ, ಬ್ಯಾಂಕಿನವರಿಗೆ ಕೌಂಟರು, ಮೀನು ಮಾರುವ ಅಕ್ಕನಿಗೆ ದೋಣಿ ಬರುವ ದಕ್ಕೆಯ ಹೊತ್ತು. ಎಲ್ಲರಿಗೂ ಒಂದು ಬೆಲ್ ಇತ್ತು. ಲಾಕ್‌ಡೌನ್ ಒಂದೇ ದಿನ ಅಷ್ಟನ್ನೂ ಕಳಚಿತು. ಹೊರಗಿನ ಬೆಲ್ ಜೋರಾಗಿದ್ದವರು ಜಾಸ್ತಿ ಬಿದ್ದರು ಅಂತ ನನ್ನ ಊಹೆ. ಇದಕ್ಕೆ ನನ್ನ ಬೆಲ್ಟ್ ಬಿಟ್ಟು ಬೇರೆ ಪುರಾವೆ ಇಲ್ಲ.

ಆಮೇಲೆ ಏನು ಮಾಡಿದೆ ಅಂತ ಕೇಳುತ್ತೀರಿ. ದೊಡ್ಡದೇನಿಲ್ಲ. ಬಿ12 ಇಂಜೆಕ್ಷನ್, ಮಾತ್ರೆ ಪುನಃ ಶುರು. ಡಯಟೀಶಿಯನ್ ಮೇಡಂ ಎದುರು ಕೂತು 88ರ ವಿಷಯ ಹೇಳಿದೆ. ಅವರು ನಕ್ಕರು, ಫೋನಿನಲ್ಲಿ ಎಲ್ಲರೂ ಎರಡು ಮೂರು ಕಿಲೋ ರಿಯಾಯಿತಿ ತಗೊಳ್ತಾರೆ ಸರ್ ಅಂದರು. ಪ್ರೊಟೀನ್ ಮೊದಲು, ಅನ್ನ ಕೊನೆಗೆ. ತಕ್ಕಡಿ ಮಂಚದ ಕೆಳಗಿಂದ ಹೊರಗೆ ಬಂತು, ವಾರಕ್ಕೆ ಒಂದು ದಿನ. ಅಜ್ಜರಕಾಡಿನ ಪಾರ್ಕಿನಲ್ಲಿ ಸಂಜೆ ನಡಿಗೆ, ಮಳೆ ಜೋರಿದ್ದರೆ ಮನೆಯ ಚಾವಡಿಯಲ್ಲೇ ಆಚೆ ಈಚೆ. ಮತ್ತೆ ಶಾಲೆಯ ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಲಾರಾಂ ಇಟ್ಟೆ. ದಿನಕ್ಕೆ ಐದು ಸಲ, ರಜೆಯಲ್ಲೂ. ಹೆಂಡತಿಗೆ ಅದರ ಸದ್ದು ಕೇಳಿದರೆ ತಲೆನೋವು. ಅಮ್ಮ ಮಾತ್ರ ಮೂರನೇ ಬೆಲ್ ಕೇಳಿದ ಕೂಡಲೇ ಅಭ್ಯಾಸದಲ್ಲಿ ತಟ್ಟೆ ಇಡುತ್ತಾರೆ. ಈಗ ತೂಕ 94. ನಾಲ್ಕು ವರ್ಷದಲ್ಲಿ ಎಂಟು ಕಿಲೋ, ಅದೂ ಎರಡು ಸಲ ಏರಿ ಇಳಿದು. ಚಪ್ಪಾಳೆಗೆ ಆಗುವಂಥದ್ದಲ್ಲ.

ಪ್ರಶ್ನೆ ಇದ್ದರೆ ಕೇಳಿ.

ಹಿಂದಿನ ಸಾಲಿನ ಯುವಕರೊಬ್ಬರು ಎದ್ದು, ಇನ್ನೊಂದು ಆಪರೇಷನ್ ಮಾಡಿಸಬಹುದಾ ಅಂತ ಕೇಳಿದರು. ಸ್ಲೀವನ್ನು ಬೈಪಾಸ್‌ಗೆ ಬದಲಾಯಿಸುವುದು ಉಂಟು. ಹುಳಿತೇಗು, ಎದೆಯುರಿ ತಡೆಯಲಾಗದೆ ಮಾಡಿಸಿಕೊಳ್ಳುವವರೂ ಇದ್ದಾರೆ. ಎರಡನೇ ಸಲದ ಆಪರೇಷನ್ ಮೊದಲಿನದಕ್ಕಿಂತ ಕಷ್ಟದ್ದು, ಡಾಕ್ಟರ ಹತ್ತಿರ ಕೂತು ಮಾತಾಡಿ ಅಂದೆ. ಕೊನೆಯ ಸಲ ಯಾವಾಗ ಹೋಗಿದ್ದಿರಿ ಅಂತ ಕೇಳಿದೆ. ಅವರು ಉತ್ತರ ಹೇಳದೆ ಕೂತರು. ಆ ಮೌನ ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಮತ್ತೆ ಕೇಳಲಿಲ್ಲ. ಊಟದ ಹೊತ್ತಿಗೆ ನಂಬರ್ ಕೊಟ್ಟೆ.

ಒಬ್ಬ ಮೇಡಂ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳಿದರು. ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶದ ಅಂಗಡಿಗೆ ಬಂದವು. ಊಟ ಆದ ಮೇಲೆ ಕರುಳು ಸುರಿಸುವ ಜಿಎಲ್‌ಪಿ-1 ಅನ್ನುವ ಹಾರ್ಮೋನಿನ ಹಾಗೆ ಅವು ಕೆಲಸ ಮಾಡುತ್ತವೆ. ಆಪರೇಷನ್ ಆದ ಮೇಲೆ ತೂಕ ವಾಪಸ್ ಬಂದವರಿಗೂ ಡಾಕ್ಟರು ಕೊಡುತ್ತಾರೆ. ನಿಲ್ಲಿಸಿದರೆ ತೂಕ ಮರಳುವ ಕಥೆ ಅದಕ್ಕೂ ಇದೆ. ನಾನು ತಗೊಂಡಿಲ್ಲ, ತಗೊಳ್ಳಬಾರದು ಅಂತಲೂ ಇಲ್ಲ. ಮೆಡಿಕಲ್ ಶಾಪಿನವರ ಮಾತು ಕೇಳಿ ಚುಚ್ಚಿಸಿಕೊಳ್ಳಬೇಡಿ ಅಂದೆ.

ಕೊನೆಗೆ ಎದುರು ಸಾಲಿನ ಆ ಅಮ್ಮ. ಅವರ ಕಣ್ಣು ಇಡೀ ಹೊತ್ತು ಮೇಜಿನ ಮೇಲಿನ ಎರಡನೇ ಲೋಟದಲ್ಲೇ ಇತ್ತು. "ಮಾಸ್ಟ್ರೇ, ನನ್ನ ಮಗನಿಗೂ ಆಪರೇಷನ್ ಆಗಿದೆ. ಹಾಗಾದ್ರೆ ಅವನು ಹಪ್ಪಳ ತಿನ್ನಲೇಬಾರದಾ?"

ತಿನ್ನಲಿ ಅಮ್ಮ, ಊಟದ ಒಟ್ಟಿಗೆ ಒಂದು. ಡಬ್ಬ ಮಾತ್ರ ಟಿವಿ ಪಕ್ಕ ಬೇಡ, ಕೈಗೆ ಸಿಗದ ಕಡೆ ಇಡಿ ಅಂದೆ.

"ನಮ್ಮಲ್ಲಿ ಡಬ್ಬ ಅಟ್ಟದಲ್ಲೇ ಇರುವುದು" ಅಂದರು. "ಏಣಿ ಹತ್ತಲಿಕ್ಕೆ ನನಗೆ ಆಗುವುದಿಲ್ಲ. ತೂಕ ಇಳಿದ ಮೇಲೆ ಅವನಿಗೆ ಆಗ್ತದೆ."